ಊದಿದರೆ ಸೊನ್ನೆ

ಬಾಗಿಲು ಯಾಕೆ ಹಾಕ್ತೀಯ? ತೆರೆದೇ ಇರಲಿ. ನಿನ್ನ ಲ್ಯಾಬಿನವರೆಲ್ಲ ಕೇಳಲಿ, ನನಗೇನು ಭಯ? ವ್ಯಾನ್ ಡ್ರೈವರ್ ರಕ್ತ ಟೆಸ್ಟಿಗೆ ಕಳಿಸಿದರೆ ಅದು ಅವನ ಹೆಂಡತಿ ಕೈಗೇ ಬರುತ್ತೆ ಅಂತ ಶಾಲೆಯವರಿಗೆ ಕನಸು ಬಿದ್ದಿತ್ತಾ? ಬಂತು. ಇವನು ಕುಡಿತಾನೆ ಅಂತ ನಿನ್ನ ಯಂತ್ರ ಹೇಳ್ತು. ತಪ್ಪು ಅಂತ ನಾನು ಹೇಳ್ತಿದೀನಿ. ಕಟ್ಟಿಕೊಂಡವನ ಮಾತಿಗೆ ಯಂತ್ರಕ್ಕಿರೋ ಬೆಲೆನೂ ಇಲ್ವಾ?

ಹಾಗೆ ನೋಡಬೇಡ ಕಣೇ. ಚುಚ್ಚೋ ಮುಂಚೆ ತೋಳಿಗೆ ಸ್ಪಿರಿಟ್ ಒರೆಸಿದರಲ್ಲ, ಅದೇ ಸೇರಿರಬೇಕು... ಯಾಕೆ ನಗ್ತೀಯ? ಸರಿ, ಕೆಮ್ಮಿನ ಸಿರಪ್ಪು? ಅದೂ ಅಲ್ವಾ. ಗೊತ್ತು, ಗೊತ್ತು, ಹೋದ ವಾರ, ಅದರ ಹಿಂದಿನ ವಾರ ಕುಡಿದದ್ದರ ಗುರುತೂ ರಕ್ತದಲ್ಲಿ ಉಳಿದಿರುತ್ತೆ, ಈ ಟೆಸ್ಟು ಅದನ್ನೇ ಹಿಡಿಯುತ್ತೆ. ನೀನೇ ಒಮ್ಮೆ ಊಟ ಬಡಿಸ್ತಾ ಪಾಠ ಹೇಳಿದ್ದೆ.

ಹಿಂದೊಂದು ಸಲ ಸಿಕ್ಕಿಬಿದ್ದೆ, ಒಪ್ಪಿಕೊಂಡೆ. ಅದಕ್ಕೇ ತಾನೇ ನನ್ನ ವ್ಯಾನಿಗೆ ಆ ಊದೋ ಪೆಟ್ಟಿಗೆ ಕೂರಿಸಿದ್ದು? ಊದಬೇಕು, ಸೊನ್ನೆ ಬರಬೇಕು. ಉಸಿರಲ್ಲಿ ಒಂದು ಚೂರು ಇದ್ದರೂ ಇಂಜಿನ್ ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗಲ್ಲ. ದಿನಾ ಬೆಳಿಗ್ಗೆ ಸ್ಟಾರ್ಟ್ ಆಗುತ್ತೋ ಇಲ್ವೋ? ಅಡುಗೆಮನೆಯಲ್ಲಿ ನಿನ್ನ ಕಿವಿಗೇ ಬೀಳುತ್ತೆ. ಆ ಪೆಟ್ಟಿಗೆಗೆ ನನ್ನ ಮೇಲೇನು ಮಮಕಾರ, ಸುಳ್ಳು ಹೇಳೋಕೆ?

ಸ್ಯಾಂಪಲ್ ಕೆಟ್ಟಿತ್ತು ಅನ್ನು. ಅಷ್ಟೇ. ನಿಮ್ಮ ಲ್ಯಾಬಿನ ಡಾಕ್ಟರು ನಿನ್ನ ಮಾತು ತೆಗೆದುಹಾಕಲ್ಲ. ಇದು ಶಾಲೆಗೆ ಹೋದರೆ ನಾನು ಇನ್ನು ಸ್ಟೀರಿಂಗ್ ಮುಟ್ಟೋ ಹಾಗಿಲ್ಲ. ಆ ಕೆಲಸ ಬಿಟ್ಟು ನನಗೆ ಬೇರೇನು ಬರುತ್ತೆ, ಹೇಳು.

ನಂಬಿಕೆ ಇಲ್ವಾ? ಮಗಳನ್ನೇ ಕೇಳು, ಪಕ್ಕದ ಸೀಟಲ್ಲೇ ಕೂತಿರ್ತಾಳಲ್ಲ... ಬೇಡ, ಬೇಡ. ದೊಡ್ಡವರ ಜಗಳಕ್ಕೆ ಮಕ್ಕಳನ್ನ ಯಾಕೆ ಎಳೀಬೇಕು.

ಏನು? ಏನಾದರೂ ಮಾತಾಡು. ಬೈದುಬಿಡು. ಹೀಗೆ ಸುಮ್ಮನೆ ನಿಂತರೆ ಏನರ್ಥ? ಓ, ಅವಳು ಜ್ವರ ಬಂದು ಮಲಗಿದ ದಿನ ವ್ಯಾನ್ ಯಾಕೆ ಹೊರಡಲಿಲ್ಲ ಅಂತಾನಾ? ಬ್ಯಾಟರಿ ಹೋಗಿತ್ತು ಅಂತ ಆವತ್ತೇ ಹೇಳಿದೆನಲ್ಲ. ಬ್ಯಾಟರಿ ಅಂದರೆ ಬ್ಯಾಟರಿ, ಅದಕ್ಕೂ ಅವಳ ಜ್ವರಕ್ಕೂ...

ನೀನು ಅದನ್ನ ಕೇಳೇ ಇಲ್ಲ, ಅಲ್ವಾ.

ಬಾಗಿಲು ಹಾಕು.

ಅವಳಿಗೆ ಏನೂ ಅನ್ನಬೇಡ. ಮೊದಲ ದಿನ ಆಟ ಅಂತ ಹೇಳಿ ಊದಿಸಿದೆ. ಆಮೇಲೆ ನಾನು ಬಾಯಿ ಬಿಡೋದೇ ಬೇಕಾಗಿರಲಿಲ್ಲ. ವ್ಯಾನ್ ಹತ್ತಿ ನನ್ನ ಮುಖ ನೋಡೋಳು, ತಾನೇ ಆ ಕೊಳವೆ ಎತ್ಕೊಂಡು ಊದೋಳು.