ಅಳಿಯನ ಪಾಲಾದ ಸಂಶೋಧನೆ

ಭೀಮಬಾಯಿ ವಾಡಿ ಸ್ಟೇಷನ್ನಿನ ಬೆಂಚಿನ ಮೇಲೆ ತೊಗರಿಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಕುಳಿತ ಗುರುತಿಲ್ಲದ ತಾಯಿ-ಮಗಳ ಮಾತು ಕಿವಿಗೆ ಬಿದ್ದು ಅವಳ ಕೈ ನಿಧಾನವಾಯಿತು. ಮಗಳು ಸಕ್ಕರೆ ಕಾಯಿಲೆಗೆ ಸಂಬಂಧಿಸಿದ ಪ್ರೋಟೀನಿನ ಮೇಲೆ ಪಿಎಚ್‌.ಡಿ. ಮುಗಿಸಿದವಳು.

“ಮುಂದಿನ ಸಂಶೋಧನೆಗೆ ಪರದೇಶದ ಲ್ಯಾಬಿಗೆ ನಿನ್ನ ಹೆಸರು ಕೊಡ್ತೀನಿ ಅಂದಿದ್ರಲ್ಲ ನಿಮ್ಮ ಗೈಡ್ ಸರ್?”

“ತಮ್ಮ ಅಳಿಯನ ಹೆಸರು ಕೊಟ್ಟಾರವ್ವ. ನಾ ಹುಡುಕಿದ ಪ್ರೋಟೀನೂ ಅವನೇ ಹುಡುಕ್ಯಾನ ಅಂತ ಬರದಾರ.”

“ನಿನ್ನ ಸಂಶೋಧನೆಗೆ ಕೊಟ್ಟ ರಾವೂರಿನ ಹೆಣ್ಮಕ್ಕಳ ರಕ್ತ?”

“ಅದೂ ಅವನೇ ತಂದಾನಂತ.”

“ಅಯ್ಯ! ಚಹಾ ಕುಡೀಬ್ಯಾಡ್ರಿ, ಬರೇ ಹೊಟ್ಟೀಲೆ ಬರ್ರಿ ಅಂತ ಮನಿಮನಿ ತಿರಗಿದಾಕಿ ನಾನು. ಆ ಅಳಿಯ ರಾವೂರ ನೋಡ್ಯಾನೇನು?”

“ನಕಾಶೆದಾಗೂ ನೋಡಿಲ್ಲ.”

“ಮತ್ತ ಆ ಲ್ಯಾಬಿನವರಿಗೆ ಖರೇ ಹೇಳು.”

“ಪತ್ರ ಬರದು ಫೋನಿನಾಗ ಇಟ್ಟು ಭಾಳ ದಿನಾತು. ಏನು ಬರದೀನಿ ಅಂತ ಕೇಳದನ, ಸರ್ ತಂದಿ ಇದ್ದಂಗ, ಕಳಸಬ್ಯಾಡ ಅಂದಾಕಿ ನೀನೇ.”

ತಾಯಿ ಮಗಳ ಫೋನಿನ ಕಡೆ ಕೈ ತೋರಿಸಿದಳು.

“ಕೆಳಗ ಸಾಕ್ಷಿ ಅಂತ ನನ್ನ ಹೆಸರು ಹಾಕು.”

“ನಿನ್ನ ಹೆಸರು ಅಲ್ಲಿ ಯಾರು ಕೇಳ್ತಾರವ್ವ?”

“ನಿನ್ನ ಹೆಸರರೆ ಯಾರು ಕೇಳ್ಯಾರ? ಹಾಕು.”

ಮಗಳು ಫೋನಿನಲ್ಲಿ ಪತ್ರದ ಕೆಳಗೆ ಒಂದು ಸಾಲು ಸೇರಿಸಿ ಕಳುಹಿಸಿದಳು. ಅಷ್ಟರಲ್ಲಿ ರೈಲು ಬಂತು.

“ಹೋತೇನು?”

“ಹೋತವ್ವ.”

ತಾಯಿ ಮುಂದೆ, ಮಗಳು ಹಿಂದೆ, ಇಬ್ಬರೂ ರೈಲು ಹತ್ತಿದರು.