ಸುವಾಕ್ಕೆ ಹೋಗುವವರ ಹೆಸರು

ಸಭೆಯ ಹಿರಿಯರಾದ ಉರಿಯಾಮ್ ಅಜ್ಜನವರೇ, ಫಿಜಿಯ ಸುವಾದಿಂದ ಇಷ್ಟು ದೂರ ಬಂದಿರುವ ಮುಖ್ಯ ಅತಿಥಿಗಳಾದ ಲಿತಿಯಾ ಮೇಡಂ ಅವರೇ, ಚಾಪೆಯ ಮೇಲೆ ಕುಳಿತಿರುವ ಅಪ್ಪಂದಿರೇ, ಅಮ್ಮಂದಿರೇ, ಕಂಬಗಳ ಆಚೆ ನಿಂತು ನಗುತ್ತಿರುವ ನನ್ನ ಗೆಳತಿಯರೇ, ಎಲ್ಲ ಸಭಿಕರೇ,

ಮೊದಲಿಗೆ ಕ್ಷಮೆ ಕೇಳುತ್ತೇನೆ. ಈ ಭಾಷಣವನ್ನು ನಾನೇ ಬರೆದುಕೊಂಡು ಬಂದಿದ್ದೇನೆ. ನನ್ನ ಅಕ್ಷರ ಚೆನ್ನಾಗಿಲ್ಲ, ತಪ್ಪುಗಳೂ ಬಹಳ. ನಾನು ಓದಿದ್ದು ಪ್ರಾಥಮಿಕ ಶಾಲೆಯವರೆಗೆ ಮಾತ್ರ. ನಡುವೆ ನಾನು ನಿಂತುಬಿಟ್ಟರೆ ದುಃಖ ಬಂತು ಎಂದುಕೊಳ್ಳಬೇಡಿ. ಬರೆದದ್ದು ನನಗೇ ಓದಲು ಬರುತ್ತಿಲ್ಲ ಎಂದು ತಿಳಿಯಿರಿ.

ಇಂದು ನಾವು ಸೇರಿರುವುದು ಬೀಳ್ಕೊಡುಗೆಗಾಗಿ. ಸಣ್ಣ ದ್ವೀಪ ದೇಶಗಳಲ್ಲಿ ಕೆಲಸ ಮಾಡುವವರಿಗೆಂದು ಇರುವ ವಿದ್ಯಾರ್ಥಿವೇತನವೊಂದು ಈ ಸಲ ನಮ್ಮ ಊರಿಗೆ ಬಂದಿದೆ. ಒಂದು ವರ್ಷ ಸುವಾದಲ್ಲಿದ್ದು ಐಸ್ ಯಂತ್ರದ ರಿಪೇರಿ ಕಲಿತು ಬರಬೇಕು. ಊಟ, ವಸತಿ, ವಿಮಾನ ಎಲ್ಲ ಅವರದೇ. ಇಂಥ ಭಾಗ್ಯ ನಮಗೆ ಹಿಂದೆ ಎಂದಾದರೂ ಬಂದಿತ್ತೇ? ಬಂದಿರಲಿಲ್ಲ. ಆದ್ದರಿಂದ, ಈ ಭಾಗ್ಯವನ್ನು ಪಡೆದು ನಾಳೆ ವಿಮಾನ ಹತ್ತಲಿರುವ, ಇಲ್ಲಿ ಹೆಸರಿಗೆ ಜಾಗ ಬಿಟ್ಟಿದ್ದೇನೆ, ಅವರಿಗೆ ನಿಮ್ಮೆಲ್ಲರ ಪರವಾಗಿ ಶುಭ ಕೋರುತ್ತೇನೆ.

ನಗಬೇಡಿ. ಯಾರ ಹೆಸರು ಬರೆಯಬೇಕಿತ್ತು, ನೀವೇ ಹೇಳಿ.

ಲಿತಿಯಾ ಮೇಡಂ, ನಿನ್ನೆ ಬಂದಾಗಿನಿಂದ ನೀವು ಎಲ್ಲರನ್ನೂ ಇದನ್ನೇ ಕೇಳುತ್ತಿದ್ದೀರಿ. ಎಲ್ಲರೂ ನಿಮ್ಮ ಕೈಗೆ ಎಳನೀರು ಕೊಟ್ಟು ಮಾತು ಬದಲಿಸುತ್ತಿದ್ದಾರೆ. ಆದ್ದರಿಂದ ನಿಮಗಾಗಿ ಮೊದಲಿನಿಂದ ಹೇಳುತ್ತೇನೆ.

ಸೀಟು ಸಿಕ್ಕಿದ್ದು ನನ್ನ ತಂಗಿ ಅಕೋಯಾಗೆ. ಮೀನಿನ ಕೇಂದ್ರದಲ್ಲಿ ಐಸ್ ಯಂತ್ರ ನೋಡಿಕೊಳ್ಳುವವಳು ಅವಳೇ. ಯಂತ್ರ ನಡೆದರೆ ನಮ್ಮ ಮೀನು ರಾಜಧಾನಿ ತರಾವಾದ ತನಕ ಹೋಗುತ್ತದೆ. ನಿಂತರೆ ನಾವೇ ಮೂರು ಹೊತ್ತೂ ತಿನ್ನುತ್ತೇವೆ, ಉಳಿದದ್ದನ್ನು ಹಂದಿಗಳು ತಿನ್ನುತ್ತವೆ. ಈ ವರ್ಷ ನಮ್ಮ ಹಂದಿಗಳು ಎಷ್ಟು ದಪ್ಪಗಾಗಿವೆ ಎಂದು ನೋಡಿದರೆ ಯಂತ್ರದ ಸ್ಥಿತಿ ನಿಮಗೆ ತಿಳಿಯುತ್ತದೆ.

ಸುದ್ದಿ ಬಂದ ಮರುದಿನವೇ ತಾಬುವಾ ದೊಡ್ಡಮ್ಮ ನಮ್ಮ ಮನೆಗೆ ಬಂದು ಚಾಪೆಯ ಅಂಚಿನಲ್ಲಿ ಕೂತರು. ದೊಡ್ಡಮ್ಮ ಯಾವಾಗಲೂ ಚಾಪೆಯ ನಡುವೆ ಕೂರುವವರು. ಅಂಚಿನಲ್ಲಿ ಕೂತರೆ ಏನೋ ಕೇಳಲು ಬಂದಿದ್ದಾರೆ ಎಂದೇ ಅರ್ಥ.

"ಮಗಾ ಅಕೋಯಾ, ಹಡಗಿನ ಕೆಲ್ಸ ಹೋದ್ಮೇಲೆ ನಮ್ಮ ಕೈತು ಮನೇಲೇ ಬಿದ್ಕೊಂಡಿದಾನೆ. ಆ ಸುವಾದ ಸೀಟು ಅವನಿಗೆ ಕೊಡು" ಅಂದರು.

"ಆಯ್ತು ದೊಡ್ಡಮ್ಮ" ಅಂದಳು ಅಕೋಯಾ.

ಬೇರೇನು ಹೇಳಬಹುದಿತ್ತು? ನಮ್ಮಲ್ಲಿ ಬಂಧುಗಳು ಬಾಯಿಬಿಟ್ಟು ಕೇಳಿದ್ದಕ್ಕೆ ಇಲ್ಲ ಎನ್ನುವಂತಿಲ್ಲ. ದೋಣಿ ಕೇಳಿದರೆ ದೋಣಿ, ಮೈಮೇಲಿನ ಅಂಗಿ ಕೇಳಿದರೆ ಅಂಗಿ. ಇಲ್ಲ ಎಂದವರ ಅಂಗಳಕ್ಕೆ ಆಮೇಲೆ ಯಾರೂ ಕಾಲಿಡುವುದಿಲ್ಲ. ನಿಮ್ಮ ಫಿಜಿಯ ಹಳ್ಳಿಗಳಲ್ಲೂ ಇಂಥದ್ದೇ ಪದ್ಧತಿ ಇದೆ ಎಂದು ನೀವೇ ಹೇಳಿದಿರಿ, ಮೇಡಂ. ಆದರೆ ಈ ವಿದ್ಯಾರ್ಥಿವೇತನ ಕೊಡುವ ನಿಮ್ಮ ಕಚೇರಿಯಲ್ಲಿ ಇಲ್ಲ ಎಂದೂ ಹೇಳಿದಿರಿ. "ಸೀಟು ಅಕೋಯಾ ಹೆಸರಲ್ಲಿದೆ. ಅವಳೇ ಬರಬೇಕು, ಇಲ್ಲಾಂದ್ರೆ ಬೇರೆ ದೇಶಕ್ಕೆ ಹೋಗುತ್ತೆ" ಎಂದಿರಿ. ನನಗೆ ಇದು ಅರ್ಥವಾಗಲಿಲ್ಲ. ಒಬ್ಬರಿಗೆ ಕೊಟ್ಟ ಮೇಲೆ ಅದು ಅವರದು. ಅದನ್ನು ಇನ್ನೊಬ್ಬರಿಗೆ ಕೊಡಲು ಬರುವುದಿಲ್ಲ ಎಂದರೆ ಅದು ಅವರದು ಹೇಗಾಯಿತು? ತುಂಬಾ ಯೋಚಿಸಿದೆ. ಈಗಲೂ ಅರ್ಥವಾಗಿಲ್ಲ.

ಅಕೋಯಾ ತಿರುಗಿ ಕೇಳಬಹುದಲ್ಲ ಎಂದಿರಿ. ತಾನೇ ಕೊಟ್ಟದ್ದನ್ನು ತಾನೇ ಕೇಳುವಂತಿಲ್ಲ. ಕೈತು ಅಣ್ಣ ಬೇಡವೆನ್ನಬಹುದಲ್ಲ ಎಂದಿರಿ. ಬೇಡವೆಂದರೆ ಅಂಚಿನಲ್ಲಿ ಕೂತು ಕೇಳಿದ ಅವನ ತಾಯಿಯ ಮಾನ ಏನಾಗಬೇಕು? ಅಣ್ಣ ನನಗೆ ದೋಣಿಮನೆಯ ಹಿಂದೆ ಸಿಕ್ಕಿ, "ಐಸ್ ಬಗ್ಗೆ ನಂಗೇನ್ ಗೊತ್ತೇ? ತಿನ್ನೋದು ಗೊತ್ತು, ಅಷ್ಟೆ. ಹೋಗು ಅಂದ್ರೆ ಹೋಗ್ತೀನಿ, ಬಿಡು ಅಂದ್ರೆ ಬಿಡ್ತೀನಿ. ಯಾರಾದ್ರೂ ಮೊದ್ಲು ಅನ್ನಲಿ" ಅಂದ. ಅಣ್ಣಾ, ಇದನ್ನು ಇಲ್ಲಿ ಹೇಳಬಾರದಿತ್ತೇನೋ. ಕ್ಷಮಿಸು, ಬರೆದುಬಿಟ್ಟಿದ್ದೆ.

ಹೀಗಾಗಿ ಹಿರಿಯರು ಯಾರೂ ಇಂದು ಮಾತಾಡಲು ಒಪ್ಪಲಿಲ್ಲ. ಈ ಸಭಾಮನೆಯಲ್ಲಿ ನಾನು ಬಾಯಿ ತೆರೆದವಳೇ ಅಲ್ಲ. ನಿನ್ನೆ ಉರಿಯಾಮ್ ಅಜ್ಜ ನನ್ನನ್ನು ಕರೆದು, "ನಾವ್ ಯಾರು ಎದ್ದು ಮಾತಾಡಿದ್ರೂ ಒಬ್ರ ಕಡೆಯವ್ರಾಗ್ತೀವಿ ಮಗಾ. ನೀನಾದ್ರೆ ಏನ್ ಹೇಳಿದ್ರೂ ಯಾರೂ ಲೆಕ್ಕಕ್ಕೆ ತಗೊಳಲ್ಲ. ನೀನೇ ಮಾತಾಡು" ಅಂದರು. ಈ ಗೌರವಕ್ಕಾಗಿ ನಾನು ಅಜ್ಜನವರಿಗೆ ಕೃತಜ್ಞಳಾಗಿದ್ದೇನೆ.

ಇನ್ನು ಅಕೋಯಾ ಬಗ್ಗೆ ಎರಡು ಮಾತು. ನಾನು ಶಾಲೆಗೆ ತಡವಾಗಿ ಸೇರಿದ್ದರಿಂದ ನಾವಿಬ್ಬರೂ ಒಂದೇ ವರ್ಷ ಪ್ರಾಥಮಿಕ ಮುಗಿಸಿದೆವು. ಹೈಸ್ಕೂಲು ಇರುವುದು ದ್ವೀಪದ ಆ ತುದಿಯಲ್ಲಿ, ದಿನವೂ ನಡೆದು ಹೋಗುವ ದೂರವಲ್ಲ. ದೊಡ್ಡವಳೆಂದು ಅಪ್ಪ ನನಗೊಂದು ನೀಲಿ ಸೈಕಲ್ ತರಿಸಿದ್ದರು. ಇಬ್ಬರು ಕೂತರೆ ಚಕ್ರ ಮರಳಲ್ಲಿ ಹೂತುಹೋಗುತ್ತಿತ್ತು. "ಅಕ್ಕಾ, ಸೈಕಲ್ ನಂಗೆ ಕೊಡೇ" ಅಂದಳು. ಕೊಟ್ಟೆ. ಅದಕ್ಕೆ ನನಗೇನೂ ಬೇಸರವಿಲ್ಲ. ಅವಳು ಸಂಜೆ ಬರುವ ಹೊತ್ತಿಗೆ ನಾನು ದಾರಿಯಲ್ಲಿ ನಿಂತಿರುತ್ತಿದ್ದೆ. ಅದು ಸೈಕಲ್ ನೋಡಲು ಅಲ್ಲ, ಅವಳ ಪುಸ್ತಕಗಳಲ್ಲಿ ಅಂದು ಏನು ಬಂತು ಎಂದು ನೋಡಲು. ಇಲ್ಲಿ ಬೇಸರವಿಲ್ಲ ಎಂದು ಇನ್ನೊಂದು ಸಲ ಬರೆದಿದ್ದೇನೆ. ಅದನ್ನು ಓದದೆ ಬಿಡುತ್ತೇನೆ.

ಕಾಗದದಲ್ಲಿ ಬರೆದದ್ದು ಇಲ್ಲಿಗೆ ಮುಗಿಯಿತು. ಹೋಗುವವರು ಯಾರೇ ಆಗಲಿ, ಚೆನ್ನಾಗಿ ಕಲಿತು ಬರಲಿ ಎಂದು ಕೊನೆ ಮಾಡಿದ್ದೆ. ಆದರೆ ಬೆಳಿಗ್ಗೆ ಎದ್ದು ಓದಿಕೊಂಡಾಗ ಆ ಖಾಲಿ ಜಾಗ ನೋಡಿ ತಲೆ ಕೆಟ್ಟಿತು. ಕೊಟ್ಟವಳು ಕೇಳುವಂತಿಲ್ಲ, ಪಡೆದವನು ಬೇಡವೆನ್ನುವಂತಿಲ್ಲ. ಸರಿ. ಬೇರೊಬ್ಬರು ಕೇಳಬಾರದು ಎಂದು ಎಲ್ಲಿದೆ?

ತಾಬುವಾ ದೊಡ್ಡಮ್ಮನ ಮನೆಗೆ ಹೋಗಿ ಚಾಪೆಯ ಅಂಚಿನಲ್ಲಿ ಕೂತೆ. ಕೇದಗೆಯ ಎಲೆ ಸೀಳುತ್ತಿದ್ದವರು ಕೈ ನಿಲ್ಲಿಸಿದರು.

"ಯಾಕೇ, ಅಲ್ಲಿ ಕೂತೆ?"

"ದೊಡ್ಡಮ್ಮ, ಆ ಸುವಾದ ಸೀಟು ನಂಗೆ ಕೊಡಿ."

"ನಿಂಗಾ? ಒಂದ್ ಚೀಟಿ ಓದೋಕೆ ಅರ್ಧ ದಿನ ಬೇಕು ನಿಂಗೆ. ನಿಂಗ್ಯಾಕೇ ಅದು?"

"ಕೇಳ್ತಿದೀನಿ ದೊಡ್ಡಮ್ಮ."

ಅವರು ನನ್ನ ಮುಖ ನೋಡಿದರು. ಆಮೇಲೆ ಕೈತು ಅಣ್ಣನನ್ನು ನೋಡಿದರು. ಅಣ್ಣ ಸೂರು ನೋಡುತ್ತಿದ್ದ.

"ತಗೋ. ನೀನೂ ನನ್ ಮಗಳೇ ಅಲ್ವಾ" ಅಂದರು.

ಹೀಗೆ, ಸಭಿಕರೇ, ಈ ಹೊತ್ತು ಸೀಟು ನನ್ನದು. ಉರಿಯಾಮ್ ಅಜ್ಜಾ, ನಿಮ್ಮ ಮೊಮ್ಮಗನೂ ಮನೆಯಲ್ಲೇ ಇದ್ದಾನೆಂದು ನನಗೆ ಗೊತ್ತು. ದಯವಿಟ್ಟು ನಾನು ಮುಗಿಸುವವರೆಗೆ ಯಾರೂ ಏನೂ ಕೇಳಬೇಡಿ. ಕೇಳಿದರೆ ಇಲ್ಲ ಎನ್ನಲು ನನಗೂ ಬರುವುದಿಲ್ಲ.

ಅಕೋಯಾ, ಸೈಕಲ್ಲನ್ನು ನೀನು ಕೇಳಿ ತೆಗೆದುಕೊಂಡೆ. ಇದನ್ನು ನೀನು ಕೇಳದೆಯೇ ಕೊಡುತ್ತಿದ್ದೇನೆ, ತೆಗೆದುಕೋ. ನಾಳೆ ವಿಮಾನ ಹತ್ತುವವರೆಗೆ ಯಾರ ಮನೆಗೂ ಹೋಗಬೇಡ. ನಮ್ಮ ಮನೆಯ ಚಾಪೆಗಳನ್ನೆಲ್ಲ ಸುತ್ತಿ ಅಟ್ಟದ ಮೇಲೆ ಇಟ್ಟು ಬಂದಿದ್ದೇನೆ. ಯಾರು ಬಂದರೂ ಅಂಚಿನಲ್ಲಿ ಕೂರಲು ಜಾಗವಿಲ್ಲ.

ಮೇಡಂ, ಖಾಲಿ ಜಾಗದಲ್ಲಿ ಅಕೋಯಾ ಎಂದು ಬರೆದುಕೊಳ್ಳಿ. ನಿಮ್ಮಲ್ಲಿ ಮೊದಲಿನಿಂದಲೂ ಅದೇ ಹೆಸರಿದೆ ಎನ್ನುತ್ತೀರಿ. ಹಾಗಾದರೆ ನಾವು ಇಷ್ಟೆಲ್ಲ ಯಾಕೆ ಮಾಡಬೇಕಾಯಿತು ಎಂದು ಕೇಳಿದರೆ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಆದರೆ ಮಾಡಬೇಕಾಗಿತ್ತು.

ತಾಳ್ಮೆಯಿಂದ ಕೇಳಿದ ನಿಮಗೆಲ್ಲ, ಕೇಳಿದ ಕೂಡಲೇ ಕೊಟ್ಟ ನನ್ನ ದೊಡ್ಡಮ್ಮನಿಗೆ ವಂದನೆಗಳು. ಅವರ ಮನೆಯಿಂದ ಈ ಸಭಾಮನೆಯ ತನಕ, ಅಷ್ಟು ದಾರಿ, ಸುವಾಕ್ಕೆ ಹೋಗುವವಳು ನಾನೇ ಆಗಿದ್ದೆ. ಇಂದು ಬೆಳಿಗ್ಗೆ ಆ ದಾರಿಯನ್ನು ನಾನು ಸ್ವಲ್ಪ ನಿಧಾನವಾಗಿ ನಡೆದೆ. ನಮಸ್ಕಾರ.