ಘಾಟಿಗೆ ಮಾಡಿದ ಲೆನ್ಸು

...ಅಲ್ಲ ರೋಹಿಣಿ, ಅವತ್ತಿನ ದಿನದಾಗ ಬ್ಯಾರೆ ಏನ ಇತ್ತು ಹೇಳು? ಏನೂ ಇರಲಿಲ್ಲ. ಸೋಮವಾರ. ಬ್ಯಾಡಗಿ ಪ್ಯಾಟಿ ದಿನ. ನೀ ಮಂಡಕ್ಕಿ ಸೂಸಲಾ ಮಾಡಿದ್ದಿ, ಖಾರ ಒಂಚೂರು ಹೆಚ್ಚಾಗಿತ್ತು. ಶೀಲಾ ಒಂದ ತುತ್ತು ಬಾಯಾಗ ಇಟ್ಕೊಂಡು, "ಅವ್ವಾ, ನಮ್ಮ ಮೆಣಸಿನಕಾಯಿ ಗೋಡೌನಿನಾಗೂ ಇಷ್ಟು ಖಾರ ಇಲ್ಲ ಬಿಡು" ಅಂದ್ಲು. ನೀ ಸವುಟು ಎತ್ತಿದಿ. ಆಕಿ ನಕ್ಕೋತ ಗೋಡೌನಿನ ಕೆಲಸಕ್ಕಂತ ಬಸ್ಸಿಗೆ ಓಡಿದ್ಲು. ನಾ ಹಲಗೇರಿ ಸಾಲಿಗೆ ಹೊಂಟೆ. ಅಷ್ಟ. ನಾವು ಮಗಳನ್ನ ಕಳಿಸಿದ್ದು ಅಷ್ಟ.

ಅಳಬ್ಯಾಡ... ಇಲ್ಲ, ನೀ ಅಳಾಕತ್ತಿಲ್ಲ. ಸುಮ್ಮ ನೋಡಾಕತ್ತಿ. ಅದಕ್ಕಿಂತ ಅತ್ತಿದ್ರ ಚೊಲೊ ಇತ್ತು.

ಹೇಳ್ತೇನಿ. ಇನ್ನೊಮ್ಮೆ ಹೇಳ್ತೇನಿ, ಸಾವಕಾಶ ಕೇಳು. ನಿನ್ನೆ ಬ್ಯಾಡಗಿ ಠಾಣೆಗೆ ಕರೆಸಿದ್ರು. "ಗೋಡೌನಿನ ಕ್ಯಾಮೆರಾದಾಗ ಏನ ಬಂದೈತಿ ನೋಡ್ರಿ ಮಾಸ್ತರ, ಲೆನ್ಸು ನೀವ ಮಾಡಿದ್ದ ಐತೆಲ್ಲ" ಅಂದ್ರು. ಹೋದೆ. ಕುಂತೆ. ನೋಡಿದೆ. ಏನೂ ಇಲ್ಲ. ಬರೇ ಕೆಂಪು. ಲೆನ್ಸಿನ ಒಳಗ ಮೆಣಸಿನಕಾಯಿ ಧೂಳ ಹೊಕ್ಕು, ಪರದೆ ತುಂಬ ಕೆಂಪಂದ್ರ ಕೆಂಪು. ಅದಕ್ಕ ಹೇಳೂದು, ನಾಳೆ ನೀ ಅದನ್ನ ನೋಡಾಕ ಬ್ಯಾಡಗಿಗೆ ಹೋಗೂದು ಬ್ಯಾಡ. ಏನ ನೋಡ್ತಿ ಅಲ್ಲಿ? ಧೂಳ ನೋಡಾಕ ಬಸ್ಸು ಹತ್ತಬೇಕಾ? ಕ್ಯಾಮೆರಾನೂ ನನ್ನ ಕೈಯಾಗ ಕೊಟ್ಟು ಕಳಿಸ್ಯಾರ, ಇಲ್ಲೇ ಐತಿ.

ಆಗಿದ್ದು ಇಷ್ಟ. ಒಂದರ ಮ್ಯಾಲೊಂದು ಒಟ್ಟಿದ್ದ ಮೆಣಸಿನಕಾಯಿ ಚೀಲದ ಥಪ್ಪಿ ಜರದು ಬಿತ್ತು. ಆಕಿ ತೂಕ ಬರ್ಕೊಳ್ಳಾಕ ಅದರ ಬುಡಕ್ಕ ನಿಂತಿದ್ಲು. ಎಲ್ಲಾರೂ ಊಟಕ್ಕ ಹೋಗಿದ್ರು, ಆಫೀಸಿನಾಗೂ ಯಾರಿರಲಿಲ್ಲ, ಬಂದು ನೋಡೂತನಕ ಯಾರಿಗೂ ಗೊತ್ತಾಗಿಲ್ಲ... ಮಾಲಕರು ಹೇಳೂದು ಹಂಗ. ಡಾಕ್ಟರೂ ಅಂದ್ರು, ಬಿದ್ದ ಕ್ಷಣಕ್ಕ ಆಗಿ ಹೋಗೈತಿ, ಹುಡುಗಿಗೆ ತಿಳಿದೂ ಇಲ್ಲ ಅಂತ. ಹೌದು, ನನ್ನ ಮುಂದ ಅಂದ್ರು. ನೀ ಆವಾಗ ಒಳಗ ಆಕಿ ಕಡೆ ಇದ್ದಿ.

ಯಾಕ ನಗ್ತಿ?

ನಗೂವಂಥಾದ್ದು ಏನ ಹೇಳಿದೆ ನಾ? ಧೂಳ ಹೊಕ್ಕಿತ್ತು ಅಂದೆ. ನಮ್ಮ ಲೆನ್ಸಿನಾಗ ಹೊಗೂದಿಲ್ಲ ಅಂತೀಯೇನು? ಮೊದಲನೇದರಾಗ ಹೊಕ್ಕಿರಲಿಲ್ಲೇನು? ಝೂಮ್ ಮಾಡಿದಾಗೊಮ್ಮೆ ಅದರ ಕೊಳವಿ ಮುಂದ ಬರೂದು, ಹಿಂದ ಹೋಗೂದು. ಸೈಕಲ್ ಪಂಪು! ಪ್ರತಿ ಸಲಾನೂ ಗೋಡೌನಿನ ಗಾಳಿ ಒಳಗ ಎಳ್ಕೊಳ್ಳೂದು. ಸಾಲಿಯಾಗ ಹುಡುಗರಿಗೆ ಪಂಪು ಹಿಡದು ಪಾಠ ಮಾಡಾಂವ ನಾನು, ನನಗ ಹೊಳೀಲಿಲ್ಲ. ನೀ ಅದನ್ನ ಕೈಯಾಗ ಹಿಡ್ಕೊಂಡು ಎರಡ ಸಲ ತಿರುವಿ, "ಇದು ಉಸಿರಾಡತೈತಲ್ಲರಿ" ಅಂದಿ. ಆಮ್ಯಾಲೆ ಕೊಳವಿ ಅಲ್ಲಾಡಧಂಗ ಮಾಡಿದ್ವಿ. ಗಾಜು ಒಳಗಿಂದೊಳಗ ಸರೀಬೇಕು, ಹೊರಗ ಏನೂ ಮಿಸುಕಬಾರದು...

ಆದ್ರೂ ಎರಡನೇದೂ ಕೆಟ್ಟಿತ್ತು. ಹೌದಿಲ್ಲೋ? ತೊಟ್ಟು ಬಿಡಿಸೋ ಮೈಲವ್ವ ಕೆಡಿಸಿದ್ದು. ಕೈ ಉರೀಬಾರದಂತ ಅವರೆಲ್ಲಾ ಕೈಗೆ ಎಣ್ಣಿ ಹಚ್ಕೊಂತಾರ. ಆಕಿ ಏಣಿ ಹತ್ತಿ ಕ್ಯಾಮೆರಾಕ್ಕೂ ಹಚ್ಚಿದ್ಲು! "ಪಾಪ, ಹಗಲಿ ರಾತ್ರಿ ಕಣ್ಣ ತಗದು ಘಾಟಿನಾಗ ನಿಂತೈತಿ, ಉರೀದ ಬಿಡತೈತೇನ್ರಿ ಮಾಸ್ತರ?" ಅಂತ ನನಗ ಕೇಳಿದ್ಲು. ಏನಂತ ಬೈತಿ ಅಂಥಾಕಿಗೆ? ಎಣ್ಣಿ ಕುಡದು, ಧೂಳ ತಡಿಯಾಕ ಹಾಕಿದ್ದ ರಬ್ಬರ್ ಉಂಗುರ ಉಬ್ಬಿ, ತನ್ನ ಜಾಗಾ ಬಿಟ್ಟು ಎದ್ದು ಬಂದಿತ್ತು. ಅವತ್ತ ಶೀಲಾ ಹೊಟ್ಟಿ ಹಿಡ್ಕೊಂಡು ನಕ್ಕಿದ್ದು... ಇದ ಪಡಸಾಲಿಯಾಗ...

ಹಾಂ. ಅದನ್ನ ಹೇಳಾಕತ್ತೇನಿ. ಈ ಸಲಾನೂ ಹಂಗ ಆಗೈತಿ. ಯಾರೋ ಎಣ್ಣಿ ಕೈ ಹಚ್ಚ್ಯಾರ, ಉಂಗುರ ಉಬ್ಬೈತಿ, ಧೂಳ ಹೊಕ್ಕೈತಿ.

ಯಾಕ ಹಂಗ ನೋಡ್ತಿ? ...ಗೊತ್ತೈತಿ. ಉಂಗುರ ನೀನ ಬದಲಿ ಮಾಡಿದ್ದಿ. ಎಣ್ಣಿಗೆ ಜಗ್ಗದ ರಬ್ಬರ್ ತರಿಸಿ, ಉಪ್ಪಿನಕಾಯಿ ಭರಣ್ಯಾಗ ಕುಸುಬಿ ಎಣ್ಣಿ ಹಾಕಿ, ಅದರಾಗ ಮುಳುಗಿಸಿ ಒಂದ ಬ್ಯಾಸಗಿ ಪೂರ್ತಿ ಇಟ್ಟಿದ್ದಿ. ಕೂದಲೆಳಿಯಷ್ಟೂ ಉಬ್ಬಿರಲಿಲ್ಲ. ನಾನ ಅಳತಿ ತಗದೇನಿ. ಗೊತ್ತೈತಿ ನನಗ.

ಹಂಗಾರ... ಉಂಗುರ ಅಲ್ಲ. ಮಂಜು ಇರಬೇಕು. ಬೆಳಗಿನ ಥಂಡಿಗೆ ಒಳಗಿನ ಗಾಜಿನ ಮ್ಯಾಲೆ ಮಂಜು ಕುಂತು, ಅದಕ್ಕ... ಅಲ್ಲಿ ಬೆರಳಿಡಬ್ಯಾಡ. ನೋಡೇನಿ ಆ ತೂತು. ಉಸಿರಾಡಾಕ ಇಟ್ಟಿದ್ದು, ಅದರ ಮ್ಯಾಲೆ ತೆಳು ಪೊರಿ ಅಂಟಿಸಿದ್ದು, ಗಾಳಿ ಹೋಗಬೇಕು, ಧೂಳ ಹೋಗಬಾರದು, ಮಂಜು ಕಟ್ಟಬಾರದು... ನನಗ ಪಾಠ ಹೇಳ್ಕೊಡಬ್ಯಾಡ ರೋಹಿಣಿ!

ತಪ್ಪಾತು. ಜೋರ ಮಾತಾಡಿದೆ.

ನೀ ಏನೂ ಅಂದಿಲ್ಲ, ಹೌದು. ಅದ ನನಗ... ಏನರ ಅನ್ನಬಾರದಾ? ಬೈ. ಬೈದ್ರೂ ಚೊಲೊನ ಐತಿ. ನಮ್ಮ ಶೀಲಾನ ಆ ಮಾಲಕರ ಮುಂದ ನಿಂತು, "ನಮ್ಮಪ್ಪ ಮಾಡಿದ್ದರಾಗ ಧೂಳ ಹೊಕ್ಕ್ರ ನಮ್ಮಪ್ಪನ ಹೆಸರ ಬದಲಿ ಮಾಡ್ರಿ" ಅಂದು ಈ ಲೆನ್ಸು ಹಾಕಿಸಿದ್ದು. ಹೆಸರ ಬದಲಿ ಆತಂತ ತಿಳ್ಕೊ. ಧೂಳ ಹೊಕ್ಕೈತಿ. ಕೆಟ್ಟ ಲೆನ್ಸು ಮಾಡೇನಿ. ನಾ ಹೇಳೂದನ್ನ ನಂಬು, ಇದೊಂದು ಸಲ ನಂಬು...

ಫಿರೋಜ್‌ನ ಕೇಳು ಬೇಕಾದ್ರ. ಗೋಡೌನಿನಾಗ ಕ್ಯಾಮೆರಾ ಕೂಡಿಸಿದಾಂವ ಅವನ ಅಲ್ಲಾ? ಠಾಣೆದಾಗ ನನ್ನ ಬಾಜೂಕ ಕುಂತಿದ್ದ. ಅರ್ಧಕ್ಕ ಎದ್ದು ಹೊರಗ ಹೋದ, ಗ್ವಾಡಿಗೆ ಹಣಿ ಹಚ್ಚಿ ನಿಂತ ಬಿಟ್ಟ, ಚಹಾ ಕೊಟ್ರೂ ಕುಡೀಲಿಲ್ಲ...

...ಒಳಗ ಬಾಳ ಸೆಕಿ ಇತ್ತು. ಅದಕ್ಕ ಹೋದ.

ಸೆಕಿ ಇತ್ತಂದ್ನೆಲ್ಲ!

ಏ, ಅದನ್ನ ಯಾಕ ತಗೋತಿ? ಕೆಳಗ ಇಡು. ಚಿತ್ರ ಇರೋ ಪೆಟ್ಟಿಗಿ ಅವರ ಕಡೆ ಐತಿ, ಇದು ಬರೇ ಕ್ಯಾಮೆರಾ, ಇದರಾಗ ಏನೂ ಕಾಣೂದಿಲ್ಲ. ಸ್ಕ್ರೂಡ್ರೈವರ್ ಬ್ಯಾಡ. ರೋಹಿಣಿ, ಬಿಚ್ಚಬ್ಯಾಡ. ಇವತ್ತು ಬ್ಯಾಡ. ಗಾಜಿಗೆ ಗೀರು ಬಿದ್ದೀತು...

ಸರಿ. ಬಿಚ್ಚು.

ಮೊದಲ ಹಿಂದಿನ ಸ್ಕ್ರೂ. ನಿನಗೇನ ಹೇಳೂದು. ಉಂಗುರ ನೆಟ್ಟಗ ಐತಿ... ಹೌದು, ಜಾಗಾ ಬಿಟ್ಟಿಲ್ಲ. ಹೊರಗ ನೋಡು, ಎಷ್ಟು ಧೂಳು, ಅದರ ಘಾಟಿಗೆ ನನ್ನ ಕಣ್ಣಾಗೂ ನೀರು ಬರಾಕತ್ತಾವು. ಒಳಗಿನ ಗಾಜು... ಬಿಳಿ ಅರಿವಿ ಅಲ್ಲಿ ಐತಿ, ತಗೋ. ಒರಸು.

ಇನ್ನೊಮ್ಮೆ ಒರಸಬ್ಯಾಡ. ಅರಿವಿ ಬಿಳೇದ ಇರತೈತಿ. ಎಷ್ಟ ಸಲ ಒರಸಿದ್ರೂ ಬಿಳೇದ ಇರತೈತಿ. ಒಂದ ಕಣಾನೂ ಹೊಕ್ಕಿಲ್ಲ.

ಅರಿವಿ ಕೆಳಗ ಇಡು.

ಕುಂದ್ರು. ನಿಂತಕೊಂಡು ಕೇಳಬ್ಯಾಡ, ಕುಂದ್ರು.

ಎಲ್ಲಾ ಬಂದೈತಿ. ಆಕಿ ಓಡ್ಣಿಯ ಅಂಚಿಗೆ ನೀ ಹಾಕಿದ ಕಸೂತಿ ಐತೆಲ್ಲ, ಅದು ಸುದ್ದಾ ಕಂಡಿತು. ಥಪ್ಪಿ ಬಿದ್ದ ಮ್ಯಾಲೆ ಧೂಳ ಎದ್ದು, ಒಂದಷ್ಟು ಹೊತ್ತು ಖರೇನ ಬರೇ ಕೆಂಪಿತ್ತು. ಅಲ್ಲಿಗೇ ಮುಗೀಲಿ, ದೇವ್ರ, ಅಲ್ಲಿಗೇ ಮುಗೀಲಿ ಅಂತ ಅನ್ಕೋತ ಕುಂತಿದ್ದೆ. ಆಮ್ಯಾಲೆ ಧೂಳ ಕೆಳಗ ಕುಂತಿತು. ಚೀಲದ ಸಂದಿಯಾಗ ಒಂದ ಕೈ ಹೊರಗಿತ್ತು.

ಅಲ್ಲಾಡತಿತ್ತು.

ಬಾಳ ಹೊತ್ತು, ರೋಹಿಣಿ. ಬೆರಳು ಮಡಚತಿದ್ಲು, ಬಿಚ್ಚತಿದ್ಲು. ಡಾಕ್ಟರು ಏನೂ ಅಂದಿಲ್ಲ. ಆ ಮಾತು ನಾನ ಹುಟ್ಟಿಸಿದ್ದು. ಮಣ್ಣು ಕೊಟ್ಟು ಬಂದ ದಿನಾನ ಹುಟ್ಟಿಸಿದ್ದೆ. ಆವಾಗ ಅದು ಸುಳ್ಳಂತ ನನಗೂ ಗೊತ್ತಿರಲಿಲ್ಲ. ನಿನ್ನೆ ಗೊತ್ತಾತು.

ಇಲ್ಲ. ಇಷ್ಟಕ್ಕ ನಾ ನಿನ್ನ ತಡೀತಿರಲಿಲ್ಲ. ಇಷ್ಟಾಗಿದ್ರ ನಾನ ನಿನ್ನ ಕೈ ಹಿಡದು ಕರಕೊಂಡು ಹೋಗ್ತಿದ್ದೆ. ಪೊಲೀಸರೂ ಮುಂದಿನದನ್ನ ನೋಡೇ ಮಾಲಕರನ್ನ ಕರೆಸಾಕ ಹೇಳಿ ಕಳಿಸಿದ್ರು.

ನೀ ಕೇಳಾಕತ್ತಿ ಹೌದಿಲ್ಲೋ?

ಆ ಝೂಮ್ ತಾನಾಗಿ ತಿರುಗೂದಿಲ್ಲ. ಅದಕ್ಕ ಮೋಟರ್ ಇಟ್ಟಾಕಿ ನೀನ. ಮಾಲಕರು ಯಾರೂ ಇರಲಿಲ್ಲ ಅಂದ್ರಲ್ಲ, ಆ ಗೋಡೌನಿನ ಆಫೀಸಿನಾಗ ಪರದೆ ಮುಂದ ಕುಂತು, ಯಾರರ ಗುಂಡಿ ಒತ್ತಿ ಹಿಡದ್ರಷ್ಟ ಅದು ತಿರುಗತೈತಿ.

ಆ ಕೈ ಮೊದಲ ದೂರದಾಗ ಸಣ್ಣದಾಗಿ ಕಾಣತಿತ್ತು. ಅಲ್ಲಾಡಾಕತ್ತಿತ್ತು.

ಆಮ್ಯಾಲೆ ಚಿತ್ರ ಸಾವಕಾಶ ಹತ್ರ ಬಂತು.